ತೋಟ ಅಡವಿಟ್ಟು ಸಿನಿಮಾ ಕಲಿಯಬೇಕೆ?

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ತೀರ್ಥಹಳ್ಳಿ ಕಡೆಯ ಹುಡುಗ, ಶಿವಮೊಗ್ಗದಲ್ಲಿ ಬಿ.ಕಾಂ. ಕೊನೆಯ ವರ್ಷ. ಸಲಹೆ ಕೇಳಲು ತಂದೆಯ ಜೊತೆ ನನ್ನ ಬಳಿ ಬಂದಿದ್ದ. ಬೆಂಗಳೂರಿನ ಖಾಸಗಿ ಫಿಲ್ಮ್ ಶಾಲೆಯೊಂದರ ಶುಲ್ಕ ಆರು ಲಕ್ಷ. ಎರಡೂವರೆ ಎಕರೆ ಅಡಿಕೆ ತೋಟದ ಮೇಲೆ ಸಾಲ ಎತ್ತಬೇಕು. ಎಲೆಚುಕ್ಕಿ ರೋಗ ಬಂದ ಮೇಲೆ ಆ ತೋಟದ ಫಸಲು ಅರ್ಧಕ್ಕಿಳಿದಿತ್ತು.

"ಕೊಡುವುದಿಲ್ಲ ಎನ್ನುತ್ತಿಲ್ಲ ಮೇಡಂ. ಕೊಟ್ಟರೆ ಇವನಿಗೆ ಕೆಲಸ ಸಿಗುತ್ತದೆಯೇ, ಅಷ್ಟು ಹೇಳಿ" ಎಂದರು ತಂದೆ.

ಸಿನಿಮಾದಲ್ಲಿ ಸರ್ಟಿಫಿಕೇಟ್ ನೋಡಿ ಯಾರೂ ಕರೆಯುವುದಿಲ್ಲ, ಮಾಡಿದ ಕೆಲಸ ನೋಡಿ ಕರೆಯುತ್ತಾರೆ ಎಂದೆ. ಹುಡುಗ ಮೊಬೈಲಿನಲ್ಲಿ ತಾನೇ ತೆಗೆದ ನಾಲ್ಕು ನಿಮಿಷದ ಚಿತ್ರ ತೋರಿಸಿದ. ಅಡಿಕೆ ಮರ ಹತ್ತುವ ಕೊನೆಗೌಡ ಮರದಿಂದ ಮರಕ್ಕೆ ದಾಟುತ್ತ, ಕಾಯಿ ಕೊಳೆಸುವ ಕೊಳೆರೋಗಕ್ಕೆ ಔಷಧಿ ಹೊಡೆಯುತ್ತಾನೆ. ಇಳಿದ ಮೇಲೆ ಆ ಔಷಧಿಯ, ಅಂದರೆ ಮೈಲುತುತ್ತ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ, ನೀಲಿ ಮೆತ್ತಿದ ಅಂಗೈಯನ್ನು ಅಡಿಕೆ ಹಾಳೆಯ ಅಂಚಿಗೆ ನಿಧಾನವಾಗಿ ಒರೆಸಿಕೊಳ್ಳುತ್ತಾನೆ. ಆ ಕೈಯಿಂದ ಕ್ಯಾಮೆರಾ ಕದಲಿಲ್ಲ. ನನಗೆ ಮೈ ಜುಮ್ಮೆಂದಿತು. ಆದರೆ ಚಿತ್ರದ ಉದ್ದಕ್ಕೂ ಪಿಟೀಲು.

"ಮಳೆಯ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಸಂಗೀತ ಹಾಕಿ ಮುಚ್ಚಿದೆ."

"ಯಾರಿಗೆ ತೋರಿಸಿದ್ದೀಯಾ?"

"ಅಮ್ಮನಿಗೆ, ಇಬ್ಬರು ಗೆಳೆಯರಿಗೆ. ಚೆನ್ನಾಗಿದೆ ಎಂದರು."

ಕೊರತೆ ಅಲ್ಲಿತ್ತು. ನೋಡುವ ಕಣ್ಣು ಅವನಿಗಿದೆ. ತಪ್ಪು ತೋರಿಸಿ ಮತ್ತೆ ಮಾಡಿಸುವವರಿಲ್ಲ. ಒಳ್ಳೆಯ ಫಿಲ್ಮ್ ಶಾಲೆಯಿಂದ ಸಿಗುವುದು ಅದು, ಮತ್ತು ನಾಳೆ ತಮ್ಮ ಚಿತ್ರಕ್ಕೆ ಕರೆಯುವ ಸಹಪಾಠಿಗಳು. ಹಣ ಕೊಡುವುದಿದ್ದರೆ ಇವುಗಳಿಗೆ ಕೊಡಬೇಕು.

ತೋಟ ಅಡವಿಡಬೇಡಿ ಎಂದು ತಂದೆಗೆ ನೇರವಾಗಿ ಹೇಳಿದೆ. ಪದವಿ ಬಿಡಬೇಡ ಎಂದು ಮಗನಿಗೆ. 1960ರಲ್ಲಿ ಶುರುವಾದ ಪುಣೆಯ ಸರ್ಕಾರಿ ಫಿಲ್ಮ್ ಸಂಸ್ಥೆಯ ಮೂರು ವರ್ಷದ ಕೋರ್ಸಿಗೆ ಪದವಿಯೂ ಬೇಕು, ಪ್ರವೇಶ ಪರೀಕ್ಷೆಯೂ ಇದೆ. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ನಿರ್ದೇಶಕ ಗಿರೀಶ ಕಾಸರವಳ್ಳಿ ಮಣಿಪಾಲದಲ್ಲಿ ಬಿ.ಫಾರ್ಮ್ ಮುಗಿಸಿ ಅಲ್ಲಿಗೆ ಹೋದವರು. "ಔಷಧ ಓದಿದವರೇ?" ಎಂದು ತಂದೆ ನೆಟ್ಟಗೆ ಕುಳಿತರು.

ಕ್ಯಾಮೆರಾ, ಧ್ವನಿ, ಸಂಕಲನ ಕಲಿಯಲು ಯಂತ್ರ ಬೇಕು, ಕೈಹಿಡಿದು ಕಲಿಸುವವರು ಬೇಕು. ಅಲ್ಲಿ ಶಾಲೆಯ ಬೆಲೆ ಹೆಚ್ಚು. ನಿರ್ದೇಶಕರ ಕೈಕೆಳಗೆ ದುಡಿದು ನಿರ್ದೇಶನ ಕಲಿತವರು ಬೇಕಾದಷ್ಟಿದ್ದಾರೆ. ನಿನಗೆ ಯಾವುದು ಬೇಕು ಎಂದರೆ ಹುಡುಗನಲ್ಲಿ ಉತ್ತರವಿರಲಿಲ್ಲ. ಅದು ಗೊತ್ತಾಗುವ ಮೊದಲು ಶುಲ್ಕ ಕಟ್ಟುವುದು ದುಡುಕು. ಖಾಸಗಿ ಶಾಲೆಯನ್ನೂ ಕೇಳಿ ನೋಡಲಿ: ಒಂದು ಕ್ಯಾಮೆರಾಕ್ಕೆ ಎಷ್ಟು ಜನ, ಪ್ರತಿ ವಿದ್ಯಾರ್ಥಿ ಎಷ್ಟು ಚಿತ್ರ ಮುಗಿಸುತ್ತಾನೆ, ಹಿಂದಿನ ವರ್ಷದವರು ಈಗ ಎಲ್ಲಿದ್ದಾರೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ ಹತ್ತಿರದಲ್ಲೇ ಇದೆ; ಅಲ್ಲಿ ನಾಟಕ ನೋಡಿ, ಕೆಲಸ ಮಾಡುವವರ ಜೊತೆ ಕುಳಿತು ಬಾ ಎಂದೆ. ಪಿಟೀಲು ತೆಗೆದು, ಸದ್ದನ್ನು ಬೇರೆಯಾಗಿ ಹಿಡಿದು, ಅದೇ ಚಿತ್ರವನ್ನು ಮತ್ತೆ ಕಟ್ಟಿ ತರಬೇಕು ಎಂದೂ ಹೇಳಿದೆ.

ಒಂದೂವರೆ ತಿಂಗಳಿಗೆ ಒಬ್ಬನೇ ಬಂದ. ಈ ಸಲ ಹಾಳೆಯ ಮೇಲೆ ಹನಿ ಬೀಳುತ್ತಿತ್ತು, ಕೆಳಗೆ ಪಂಪು ಉಸಿರೆಳೆಯುತ್ತಿತ್ತು, ಅಂಗೈ ಒರೆಸಿದ್ದೂ ಕೇಳಿಸಿತು.

"ಧ್ವನಿ ವಿಭಾಗಕ್ಕೆ ಪರೀಕ್ಷೆ ಬರೆಯುತ್ತೇನೆ ಮೇಡಂ" ಎಂದ.