ಬಳ್ಳಾರಿ ಮೇಯರ್ ಒಂದು ವರ್ಷದಲ್ಲಿ ಏನು ಮಾಡಬಹುದು?

ನೀವು ಕೇಳಿದ್ದು: ಮೇಯರ್ ಅಂದರೆ ಗೌನು ತೊಟ್ಟು ಹಾರ ಹಾಕಿಸಿಕೊಳ್ಳೋ ಹುದ್ದೆ ಅಷ್ಟೇನಾ, ಊರಿಗೆ ಅವರಿಂದ ನಿಜವಾಗಲೂ ಏನಾದರೂ ಆಗುತ್ತಾ? ಮೇಯರ್‌ಗಿರಿ ಮುಗಿದ ಮೇಲೆ ಅವರ ಕಥೆ ಏನು?

ನಾನು ಬಳ್ಳಾರಿಯವನೇ. ಒಂದು ಸಣ್ಣ ಪತ್ರಿಕೆಗೆ ಹನ್ನೊಂದು ವರ್ಷ ಪಾಲಿಕೆ ಸುದ್ದಿ ಬರೆದಿದ್ದೇನೆ. ಸಾಮಾನ್ಯ ಸಭೆ ಅಂದರೆ ಗೋಡೆ ಪಕ್ಕದ ಕುರ್ಚಿ ನನ್ನದೇ. ಅಲ್ಲಿ ಕೂತು ಕಂಡಿದ್ದನ್ನು ಹೇಳುತ್ತೇನೆ.

ಮೇಯರನ್ನು ಜನ ನೇರವಾಗಿ ಆರಿಸುವುದಿಲ್ಲ. ನಾವು ಓಟು ಹಾಕುವುದು ಕಾರ್ಪೊರೇಟರ್‌ಗೆ, ನಮ್ಮಲ್ಲಿ 39 ವಾರ್ಡ್. ಆ 39 ಜನ, ಜೊತೆಗೆ ಎಂಎಲ್‌ಎ, ಎಂಪಿಗಳು ಸೇರಿ ಮೇಯರನ್ನು ಆರಿಸುತ್ತಾರೆ. ಅದೂ 1976ರ ಪಾಲಿಕೆ ಕಾಯ್ದೆ ಪ್ರಕಾರ ಒಂದೇ ವರ್ಷಕ್ಕೆ. ಈ ಸಲ ಯಾವ ವರ್ಗಕ್ಕೆ ಮೀಸಲು ಅಂತ ಸರ್ಕಾರ ಹೇಳಬೇಕು, ಅಲ್ಲಿವರೆಗೆ ಆಸೆ ಇದ್ದವರೆಲ್ಲ ಉಸಿರು ಬಿಗಿಹಿಡಿದು ಕೂತಿರುತ್ತಾರೆ. (ಕೊಪ್ಪಳದವರು ಓದುತ್ತಿದ್ದರೆ, ನಿಮ್ಮದು ನಗರಸಭೆ, ಅಲ್ಲಿ ಅಧ್ಯಕ್ಷರು. ಲೆಕ್ಕ ಸ್ವಲ್ಪ ಬೇರೆ.) 2021ರ ಏಪ್ರಿಲ್‌ನಲ್ಲಿ ನಮ್ಮ ಪಾಲಿಕೆ ಚುನಾವಣೆ ಮುಗಿಯಿತು. ಮೇಯರ್ ಕುರ್ಚಿ ತುಂಬಿದ್ದು 2022ರ ಮಾರ್ಚ್‌ನಲ್ಲಿ! ಗೆದ್ದವರು ಹತ್ತಿರ ಹತ್ತಿರ ಒಂದು ವರ್ಷ ಸುಮ್ನೆ ಕೂತಿದ್ದರು. ಮರುವರ್ಷ, 2023ರಲ್ಲಿ, ಡಿ. ತ್ರಿವೇಣಿ ಅನ್ನೋ 23 ವರ್ಷದ ಹುಡುಗಿ ಮೇಯರ್ ಆದಾಗ ಊರೆಲ್ಲ ಅದೇ ಮಾತು. ಅವರ ತಾಯಿಯೂ ಹಿಂದೆ ಮೇಯರ್ ಆಗಿದ್ದವರು.

ಈಗ ಅಧಿಕಾರದ ವಿಷಯ. ಸಹಿ, ಟೆಂಡರ್, ಬಿಲ್, ಸಿಬ್ಬಂದಿ ಎಲ್ಲ ಕಮಿಷನರ್ ಕೈಯಲ್ಲಿ. ಹೊಸ ಲೇಔಟ್ ಅಂದರೆ ಬುಡಾ (ನಗರಾಭಿವೃದ್ಧಿ ಪ್ರಾಧಿಕಾರ), ಕರೆಂಟ್ ಅಂದರೆ ಜೆಸ್ಕಾಂ. ದೊಡ್ಡ ನೀರಿನ ಯೋಜನೆಗಳಿಗೆ ನೀರು ಸರಬರಾಜು ಮಂಡಳಿ. ನಾವು ಕುಡಿಯೋ ನೀರು ತುಂಗಭದ್ರಾ ಕಾಲುವೆಯಿಂದ ಅಲ್ಲೀಪುರ ಕೆರೆಗೆ, ಮೋಕಾ ಕಡೆಗೆ ಬಂದು ನಿಲ್ಲಬೇಕು. ಕಾಲುವೆಗೆ ಯಾವಾಗ ನೀರು ಬಿಡಬೇಕು, ಯಾವಾಗ ನಿಲ್ಲಿಸಬೇಕು ಅನ್ನೋದನ್ನು ಮೇಯರ್ ಕೇಳಿ ಯಾರೂ ತೀರ್ಮಾನ ಮಾಡುವುದಿಲ್ಲ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ನಮ್ಮೂರಿಗೆಲ್ಲ ಎದೆ ಝಲ್ ಅಂದಿತು. ಅಲ್ಲಿ ಮೇಯರ್ ಮಾಡುವಂಥದ್ದು ಏನಿತ್ತು ಹೇಳಿ? ಆದರೆ ನಲ್ಲೀಲಿ ನೀರು ಬರದಿದ್ದರೆ ಖಾಲಿ ಕೊಡ ಬರುವುದು ಪಾಲಿಕೆ ಬಾಗಿಲಿಗೇ.

ಹಾಗಾದರೆ ಮೇಯರ್ ಹತ್ತಿರ ಇರೋದೇನು? ಸಭೆ. ಕೇಳೋಕೆ ಸಪ್ಪೆ ಅನ್ನಿಸುತ್ತೆ, ಗೊತ್ತು. ಒಂದು ಉದಾಹರಣೆ ಕೊಡುತ್ತೇನೆ.

ಕೌಲ್‌ಬಜಾರ್ ಕಡೆ ಒಂದು ಓಣಿ. ಚರಂಡಿ ಅಂತ ರಸ್ತೆ ಅಗೆದ ಗುತ್ತಿಗೆದಾರ ನೀರಿನ ಪೈಪ್ ಒಡೆದು, ಮೇಲೆ ಮಣ್ಣು ಎಳೆದು ಹೋಗಿದ್ದ. ಆಗಿನ ಮೇಯರಮ್ಮ, ಹೆಸರು ಬೇಡ, ಏಪ್ರಿಲ್‌ನ ಒಂದು ದಿನ ಬೆಳಿಗ್ಗೆ ಆರಕ್ಕೇ ಅಲ್ಲಿಗೆ ಬಂದಿದ್ದರು. ಹೆಂಗಸರೆಲ್ಲ ಸುತ್ತುವರಿದು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬೈದರು. ಆಕೆ ಮೂರರಲ್ಲೂ ಉತ್ತರ ಕೊಟ್ಟರು. ಓಣಿಗೆ ನೀರು ಬಿಡೋ ವಾಲ್‌ಮನ್ ಉದ್ದನೆಯ ಕಬ್ಬಿಣದ ಕೀಲಿ ಇಳಿಸಿ ವಾಲ್ ತಿರುಗಿಸಿದ. ನಲ್ಲಿ ಬುಸ್ ಅಂತು, ಅಷ್ಟೇ. ಎರಡು ನಿಮಿಷದಲ್ಲಿ ಹತ್ತು ಹೆಜ್ಜೆ ಆಚೆ ಮಣ್ಣೆಲ್ಲ ಒದ್ದೆ. "ಅಕ್ಕಾ, ನೋಡ್ರಿ, ನೀರು ಅಲ್ಲಿ ಮಣ್ಣು ಕುಡೀತೈತಿ" ಅಂದ ಆತ.

ಆಕೆ ಅಲ್ಲಿ ಕೂಗಾಡಲಿಲ್ಲ. ನನಗೆ ಸ್ವಲ್ಪ ನಿರಾಸೆಯೇ ಆಯಿತು, ಒಳ್ಳೆ ಹೆಡ್ಡಿಂಗ್ ತಪ್ಪಿತಲ್ಲ ಅಂತ! ಮುಂದಿನ ಸಾಮಾನ್ಯ ಸಭೆಯ ಅಜೆಂಡಾದಲ್ಲಿ ಆ ಕಾಮಗಾರಿಯನ್ನೇ ಒಂದು ವಿಷಯವಾಗಿ ಸೇರಿಸಿದರು. ಸಭೆಯಲ್ಲಿ ಎಂದಿನ ಗಲಾಟೆ, ನಾಲ್ಕು ಜನ ವೇದಿಕೆ ಮುಂದೆ ನಿಂತು ಕೂಗುತ್ತಿದ್ದಾರೆ. ಆಕೆ ಮೈಕ್ ಎಳೆದುಕೊಂಡು ಒಂದೇ ಪ್ರಶ್ನೆ ಕೇಳಿದರು: ಈ ಕೆಲಸದ ಬಿಲ್ ಈಗ ಯಾವ ಟೇಬಲ್ ಮೇಲಿದೆ? ಎಂಜಿನಿಯರ್ ಕಡತ ತಿರುವಿ ಹಾಕಿ, ಕೊನೆಗೆ ಪಾವತಿಗೆ ಹೋಗಿದೆ ಅಂದರು. ಪೈಪ್ ರಿಪೇರಿ ಆಗುವವರೆಗೆ ಪಾವತಿ ಬೇಡ ಅನ್ನೋ ಮಾತು ನಡಾವಳಿಯಲ್ಲಿ, ಅಂದರೆ ಸಭೆಯ ದಾಖಲೆಯಲ್ಲಿ, ಬರೆಸಿದರು. ಬರೆದಿದ್ದನ್ನು ಎರಡು ಸಲ ಓದಿಸಿದರು. ನಡಾವಳಿಗೆ ಬಂದ ಮೇಲೆ ಯಾವ ಅಧಿಕಾರಿಯೂ "ನನ್ನ ಗಮನಕ್ಕೆ ಬಂದಿಲ್ಲ" ಅನ್ನೋಕಾಗಲ್ಲ, ಅಲ್ವಾ? ಮೂರು ವಾರದಲ್ಲಿ ಪೈಪ್ ಸರಿಯಾಯಿತು. ರಸ್ತೆಗೆ ತೇಪೆ ಬಿತ್ತು, ಚೆನ್ನಾಗೇನೂ ಇರಲಿಲ್ಲ ಬಿಡಿ.

ಇಷ್ಟು ಮಾಡೋಕೆ ಕಡತ ಓದೋಕೆ ಬರಬೇಕು. "ಘಟನೋತ್ತರ ಮಂಜೂರಾತಿ" ಅಂತ ಅಜೆಂಡಾದ ಕೊನೆ ಪುಟದಲ್ಲಿ ಸಣ್ಣಗೆ ಬಂದರೆ, ದುಡ್ಡು ಆಗಲೇ ಖರ್ಚಾಗಿದೆ, ಈಗ ಕೈ ಎತ್ತಿ ಒಪ್ಪಿಗೆ ಕೊಡಿ ಅಂತ ಅರ್ಥ. ಇದನ್ನು ಕಲಿಯೋಕೇ ಆರು ತಿಂಗಳು ಬೇಕು. ಆದರೆ ಮೊದಲ ಎರಡು ಮೂರು ತಿಂಗಳು ಸನ್ಮಾನ, ಶಾಲು, ಗಂಧದ ಹಾರದಲ್ಲೇ ಹೋಗಿರುತ್ತೆ. ಕೊನೆಯ ಎರಡು ತಿಂಗಳು ಮುಂದಿನ ಮೇಯರ್ ಯಾರು ಅನ್ನೋ ಗುಸುಗುಸು, ಯಾರೂ ಇವರ ಮಾತು ಕೇಳಲ್ಲ. ನಡುವೆ ಉಳಿಯೋದು ಎಷ್ಟು? ಒಂದು ಬಜೆಟ್, ಏಳೆಂಟು ಸಭೆ. ನನ್ನನ್ನು ಕೇಳಿದರೆ ಈ ಒಂದು ವರ್ಷದ ಅವಧಿಯೇ ದೊಡ್ಡ ತಪ್ಪು, ಎರಡೂವರೆ ವರ್ಷವಾದರೂ ಕೊಡಬೇಕು.

ಆಮೇಲಿನ ಕಥೆ? ಎಂಎಲ್‌ಎ ಟಿಕೆಟ್ ಕನಸು ಸುಮಾರು ಜನರಿಗೆ ಇರುತ್ತೆ, ಸಿಗೋದು ಕಮ್ಮಿ. ಜಾಸ್ತಿ ಜನ ಮತ್ತೆ ಅದೇ ಸಭಾಂಗಣದಲ್ಲಿ ಬರೀ ಸದಸ್ಯರಾಗಿ ಕೂರುತ್ತಾರೆ. ಆ ಮೇಯರಮ್ಮನೂ ಹಾಗೇ ಕೂತರು, ಎರಡನೇ ಸಾಲಿನಲ್ಲಿ. ಹೊಸ ಮೇಯರ್ ಅಜೆಂಡಾ ಓದುತ್ತಿದ್ದಾಗ ಆಕೆ ಕನ್ನಡಕ ಹಾಕಿಕೊಂಡು ನೇರ ಕೊನೆ ಪುಟ ತೆಗೆದಿದ್ದನ್ನು ನೋಡಿದೆ. ಮೊನ್ನೆ ಮೋತಿ ಸರ್ಕಲ್ ಹತ್ತಿರ ಸಿಕ್ಕಿದ್ದರು. ಮಾತಾಡುತ್ತಾ ನಿಂತಾಗಲೇ ಫೋನ್ ಬಂತು, ಯಾವುದೋ ಓಣಿಯಲ್ಲಿ ನೀರು ಬಂದಿಲ್ಲವಂತೆ. "ನಾನೀಗ ಮೇಯರ್ ಅಲ್ಲಪ್ಪಾ" ಅಂದರು, ಆಮೇಲೆ ವಾಲ್‌ಮನ್‌ಗೆ ಫೋನ್ ಹಚ್ಚಿದರು.