ವೈದ್ಯಕೀಯಕ್ಕೆ ಹೋಗುವ ಜೀವಶಾಸ್ತ್ರ ವಿದ್ಯಾರ್ಥಿಗೆ ಯಾವ ಗಣಿತ?

ಅಮೆರಿಕದಲ್ಲಿ ಜೀವಶಾಸ್ತ್ರ ಪದವಿ ಓದುತ್ತಿದ್ದೇನೆ, ಮುಂದೆ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಬೇಕು, ಮೊದಲ ಕ್ಯಾಲ್ಕುಲಸ್ ಮುಗಿದಿದೆ, ಇನ್ನು ಎರಡನೆಯದನ್ನು ತೆಗೆದುಕೊಳ್ಳಲೋ ಸಂಖ್ಯಾಶಾಸ್ತ್ರವನ್ನೋ ಎಂದು ಕೇಳಿದ್ದೀರಿ. ಸಂಖ್ಯಾಶಾಸ್ತ್ರವನ್ನೇ ತೆಗೆದುಕೊಳ್ಳಿ.

ನಾನು ಮಂಗಳೂರಿನಲ್ಲಿ ಪಿಯುಸಿ ಪಿಸಿಎಂಬಿ ಮುಗಿಸಿ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದವಳು. ಅವಕಲನ, ಅನುಕಲನ ಎರಡೂ ಗೊತ್ತಿದೆ ಎಂಬ ಧೈರ್ಯದ ಮೇಲೆ ಸಾವಯವ ರಸಾಯನಶಾಸ್ತ್ರ ಓದುವ ಸೆಮಿಸ್ಟರಿನಲ್ಲೇ ಎರಡನೇ ಕ್ಯಾಲ್ಕುಲಸ್ ಸೇರಿಸಿಕೊಂಡೆ. ಅನಂತ ಶ್ರೇಣಿಗಳ ಪಾಠ ಬರುವ ಹೊತ್ತಿಗೆ ಎರಡರಲ್ಲೂ ಹಿಂದೆ ಬಿದ್ದಿದ್ದೆ. ಗಣಿತದಲ್ಲಿ ಸಿ ಗ್ರೇಡ್ ಬಂತು. ಇಲ್ಲಿ ಬಹುತೇಕ ವೈದ್ಯಕೀಯ ಕಾಲೇಜುಗಳಿಗೆ ಅರ್ಜಿ ಹೋಗುವುದು ಆಮ್‌ಕ್ಯಾಸ್ (AMCAS) ಎಂಬ ಒಂದೇ ಅರ್ಜಿ ಸೇವೆಯ ಮೂಲಕ. ಅದು ಜೀವ, ರಸಾಯನ, ಭೌತಶಾಸ್ತ್ರ ಮತ್ತು ಗಣಿತದ ಗ್ರೇಡುಗಳಿಗೆ ಬೇರೆಯೇ ಸರಾಸರಿ ತೆಗೆಯುತ್ತದೆ. ಅದೇ ಕೋರ್ಸನ್ನು ಮತ್ತೊಮ್ಮೆ ಓದಿದರೂ ಹಳೆಯ ಗ್ರೇಡ್ ಲೆಕ್ಕದಿಂದ ಹೋಗುವುದಿಲ್ಲ. ಸಂಖ್ಯಾಶಾಸ್ತ್ರವೂ ಅಲ್ಲಿ ಗಣಿತದ ಲೆಕ್ಕಕ್ಕೇ ಸೇರುತ್ತದೆ.

ವೈದ್ಯಕೀಯ ಕಾಲೇಜಿನ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ಗೆ (MCAT) ಕ್ಯಾಲ್ಕುಲಸ್ ಬೇಕಿಲ್ಲ, ಆದರೆ ಕ್ಯಾಲ್ಕುಲೇಟರ್ ಕೂಡ ಕೊಡುವುದಿಲ್ಲ. ಹೈಡ್ರೋಜನ್ ಅಯಾನಿನ ಸಾಂದ್ರತೆ 3×10⁻⁵ ಎಂದರೆ ಪಿಎಚ್ 4.5ರ ಆಸುಪಾಸು ಎಂದು ಮನಸ್ಸಿನಲ್ಲೇ ಹೇಳಲು ಬರಬೇಕು. ಅದಕ್ಕೆ ಕೋರ್ಸ್ ಬೇಡ, ದಿನವೂ ಹತ್ತು ನಿಮಿಷ ಅಭ್ಯಾಸ ಸಾಕು.

ಈಗ ರೆಸಿಡೆಂಟ್, ಅಂದರೆ ತರಬೇತಿಯಲ್ಲಿರುವ ವೈದ್ಯೆಯಾಗಿ ಕೆಲಸ ಮಾಡುವಾಗ ನನಗೆ ದಿನನಿತ್ಯ ಒದಗುವುದು ಸಂಖ್ಯಾಶಾಸ್ತ್ರ. ತಪಾಸಣೆಯ ವರದಿ ‘ಪಾಸಿಟಿವ್’ ಎಂದು ಬಂದಿದ್ದಕ್ಕೆ ಒಬ್ಬರು ಕಣ್ಣೀರು ಹಾಕುತ್ತಾ ನನ್ನೆದುರು ಕುಳಿತಿದ್ದರು. ಅದೇ ವರದಿಯ ಹಿಂಬದಿಯಲ್ಲಿ ಒಂದು ಉದಾಹರಣೆ ಬರೆದು ತೋರಿಸಿದೆ. ಕಾಯಿಲೆ ಸಾವಿರದಲ್ಲಿ ಒಬ್ಬರಿಗೆ ಇದೆ ಎನ್ನೋಣ. ಪರೀಕ್ಷೆ ಆ ಒಬ್ಬರನ್ನು ತಪ್ಪದೆ ಹಿಡಿಯುತ್ತದೆ, ಆದರೆ ಆರೋಗ್ಯವಂತರಲ್ಲೂ ನೂರಕ್ಕೆ ಐವರನ್ನು ರೋಗಿ ಎನ್ನುತ್ತದೆ. ಆಗ ಸಾವಿರ ಜನರಲ್ಲಿ ಸುಮಾರು 51 ಮಂದಿಗೆ ಪಾಸಿಟಿವ್ ಬರುತ್ತದೆ; ನಿಜವಾಗಿ ಕಾಯಿಲೆ ಇರುವುದು ಅವರಲ್ಲಿ ಒಬ್ಬರಿಗೆ. ಅವರು ಆ 51ನ್ನು ಬೆರಳಿನಿಂದ ಮುಟ್ಟಿ, ‘ಹಾಗಾದರೆ ಇನ್ನೊಂದು ಪರೀಕ್ಷೆ ಮಾಡಿಸಬೇಕು, ಅಷ್ಟೇ ಅಲ್ಲವೇ?’ ಎಂದರು. ಈ ಲೆಕ್ಕ ಬಾರದ ವೈದ್ಯರು ರೋಗಿಯನ್ನು ಸುಮ್ಮನೆ ಹೆದರಿಸಿಬಿಡುತ್ತಾರೆ.

ನಿಮ್ಮ ಮೊದಲ ಕ್ಯಾಲ್ಕುಲಸ್ ವ್ಯರ್ಥವೇನಲ್ಲ. ಅನೇಕ ಔಷಧಗಳು ರಕ್ತದಿಂದ ಇಳಿಯುವ ವೇಗ ಆ ಹೊತ್ತಿನಲ್ಲಿ ಉಳಿದಿರುವ ಪ್ರಮಾಣವನ್ನೇ ಅವಲಂಬಿಸಿರುತ್ತದೆ. ಐದು ಅರ್ಧಾಯುಷ್ಯ (ಔಷಧದ ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ಕಳೆದ ಮೇಲೆ ನೂರಕ್ಕೆ ಸುಮಾರು ಮೂರು ಪಾಲು ಮಾತ್ರ ಏಕೆ ಉಳಿಯುತ್ತದೆ ಎಂಬುದನ್ನು ಬಾಯಿಪಾಠ ಮಾಡದೆ ಅರ್ಥಮಾಡಿಕೊಳ್ಳಲು ಅಷ್ಟು ಕ್ಯಾಲ್ಕುಲಸ್ ಸಾಕು.

ಸಾಧ್ಯವಾದರೆ ಜೈವಿಕ ದತ್ತಾಂಶವನ್ನು ಆರ್ (R) ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಕೈಯಾರೆ ವಿಶ್ಲೇಷಿಸುವ ಕೋರ್ಸನ್ನೇ ಹುಡುಕಿ. ನೋಂದಾಯಿಸುವ ಮುನ್ನ ನೀವು ಬಯಸುವ ಪ್ರತಿ ವೈದ್ಯಕೀಯ ಕಾಲೇಜಿನ ನಿಯಮವನ್ನೂ ಓದಿ, ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ. ಪ್ರೌಢಶಾಲೆಯಲ್ಲೇ ಕಾಲೇಜು ಮಟ್ಟದ ಪರೀಕ್ಷೆ ಬರೆದು ಪಡೆದ ಎಪಿ (AP) ಕ್ರೆಡಿಟ್ಟನ್ನು ಒಪ್ಪದ ಕಾಲೇಜುಗಳೂ ಇವೆ. ನೀವು ಬಯಸುವ ಕಾಲೇಜುಗಳಲ್ಲಿ ಯಾವುದಾದರೂ ಒಂದು ಎರಡು ಸೆಮಿಸ್ಟರ್‌ಗಳ ಕ್ಯಾಲ್ಕುಲಸ್ ಕೇಳಿದರೆ ತೆಗೆದುಕೊಳ್ಳಿ, ಆದರೆ ಸಾವಯವ ರಸಾಯನಶಾಸ್ತ್ರ ಇಲ್ಲದ ಸೆಮಿಸ್ಟರಿನಲ್ಲಿ.