ಯಾವ ಕೈಗೆ ಯಾವ ಹಾಡು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿರುವುದು ಒಂದನ್ನೇ: ‘ಮೇಡಂ, ಯಾವ ಹಾಡು ಕಲೀಲಿ?’ ದಾವಣಗೆರೆಯ ನನ್ನ ಗಿಟಾರ್ ಕ್ಲಾಸಿಗೆ ಬರುವವರೂ ಹೀಗೇ ಕೇಳುತ್ತಾರೆ. ಇಷ್ಟವಾದ ಹಾಡೆಲ್ಲ ಅಭ್ಯಾಸಕ್ಕೆ ಆಗಿಬರುವುದಿಲ್ಲ. ಅದರಲ್ಲಿ ನಿಮಗೆ ಬಾರದ್ದು ಒಂದೇ ಒಂದು ಇರಬೇಕು. ಮೂರು ಇದ್ದರೆ ಆ ಹಾಡು ಸ್ವಲ್ಪ ದಿನ ಕಾಯಲಿ.

ಪ್ರಶ್ನೆ: ಜಿ, ಸಿ, ಡಿ, ಇ ಮೈನರ್ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹಿಡಿಯಲು ಬರುತ್ತದೆ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹಾಡೇ ನಿಂತುಬಿಡುತ್ತದೆ. ಸಿನಿಮಾ ಹಾಡು ತೆಗೆದರೆ ಎಫ್ ಇಲ್ಲವೇ ಬಿ ಮೈನರ್ ಅಡ್ಡ ಬರುತ್ತದೆ. ಏನು ಮಾಡಲಿ?
– ಐಟಿಐ ವಿದ್ಯಾರ್ಥಿ, ಹರಿಹರ

ಉತ್ತರ: ಸದ್ಯಕ್ಕೆ ಸಿನಿಮಾ ಹಾಡು ಬದಿಗಿಡು ತಮ್ಮಾ. ‘ಅಮೆರಿಕ’ ಎಂಬ ತಂಡದ್ದು ‘ಎ ಹಾರ್ಸ್ ವಿತ್ ನೋ ನೇಮ್’ ಅಂತ ಒಂದು ಹಾಡಿದೆ, 1970ರ ದಶಕದ್ದು. ಪೂರ್ತಿ ಹಾಡಿಗೆ ಎರಡೇ ಕಾರ್ಡ್. ಮೊದಲನೆಯದು ನಿನಗೆ ಬರುವ ಇ ಮೈನರ್: ಐದನೇ ಮತ್ತು ನಾಲ್ಕನೇ ತಂತಿಯ (ಎಣಿಕೆ ತೆಳು ತಂತಿಯಿಂದ) ಎರಡನೇ ಫ್ರೆಟ್ (ಗಿಟಾರಿನ ಕತ್ತಿನ ಅಡ್ಡಪಟ್ಟಿಯ ಮನೆ) ಮೇಲೆ ಎರಡು ಬೆರಳು. ಇನ್ನೊಂದು ಕಾರ್ಡಿನ ಹೆಸರು ಉದ್ದ ಇದೆ, ಅದನ್ನು ಬಿಡು. ಫ್ರೆಟ್ ಬದಲಾಗುವುದಿಲ್ಲ. ಐದನೇ ತಂತಿಯ ಬೆರಳು ಆರಕ್ಕೆ ಹೋಗುತ್ತದೆ, ನಾಲ್ಕರದ್ದು ಮೂರಕ್ಕೆ ಬರುತ್ತದೆ. ಅಷ್ಟೇ.

ಬಲಗೈ ಮಾತ್ರ ನಿಲ್ಲಬಾರದು. ಎಡಗೈ ತಡವಾದರೆ ಖಾಲಿ ತಂತಿಯೇ ಕೇಳಿಸಲಿ, ಪರವಾಗಿಲ್ಲ. ನಾನು ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ನುಡಿಸಿದವಳು. ಕಾರ್ಡ್ ತಪ್ಪಿದರೆ ಕೀಬೋರ್ಡಿನವನೊಬ್ಬ ತಿರುಗಿ ನೋಡುತ್ತಾನೆ. ತಾಳ ತಪ್ಪಿದರೆ ಕುಣಿಯುತ್ತಿದ್ದ ಹುಡುಗರೆಲ್ಲ ನಿಂತು ನೋಡುತ್ತಾರೆ.

ಇದು ಕೈಗೆ ಬಂದ ಮೇಲೆ ಬಾಬ್ ಡಿಲನ್ ಅವರ ‘ನಾಕಿನ್ ಆನ್ ಹೆವನ್ಸ್ ಡೋರ್’ ತೆಗೆದುಕೋ. ಜಿ, ಡಿ, ಎ ಮೈನರ್, ಮುಂದಿನ ಸಾಲಿಗೆ ಜಿ, ಡಿ, ಸಿ. ನಿಧಾನದ ಹಾಡು, ಹೊಸದು ಎ ಮೈನರ್ ಒಂದೇ. ಎಫ್ ಆಮೇಲೆ ನೋಡೋಣ.

ಪ್ರಶ್ನೆ: ಚಿಕ್ಕಂದಿನಲ್ಲಿ ಸಂಗೀತ ಕಲಿತು, ಗೀತೆಗಳವರೆಗೆ ಬಂದು ಬಿಟ್ಟವಳು ನಾನು. ಮಗ ಕೆಲಸಕ್ಕೆ ಬೆಂಗಳೂರಿಗೆ ಹೋದ, ಅವನ ಗಿಟಾರ್ ಮನೆಯಲ್ಲೇ ಇದೆ. ಕಾರ್ಡ್ ಗೀರ್ಡ್ ಬೇಡ, ರಾಗ ನುಡಿಸುವ ಆಸೆ. ಇಂಗ್ಲಿಷ್ ಹಾಡು ಒಂದೂ ಗೊತ್ತಿಲ್ಲ.
– ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಇಂಗ್ಲಿಷ್ ಹಾಡು ಯಾಕೆ ಬೇಕು? ‘ವರವೀಣಾ’ ಗೀತೆ ನಿಮಗೆ ಬಾಯಿಪಾಠ ಇರುತ್ತದೆ, ಅಲ್ವಾ? ಅದು ಮೋಹನ ರಾಗ. ಗಿಟಾರಿನ ಮೂರನೇ ತಂತಿಯನ್ನು ಒತ್ತದೆ ಮೀಟಿ, ಅದನ್ನೇ ಷಡ್ಜ (ಸ) ಮಾಡಿಕೊಳ್ಳಿ. ಈಗ ಆರೂ ತಂತಿಗಳನ್ನು ಖಾಲಿ ಮೀಟುತ್ತಾ ಬನ್ನಿ. ದಪ್ಪ ತಂತಿಯಿಂದ ದ, ರಿ, ಪ, ಸ, ಗ, ದ. ಎಲ್ಲವೂ ಮೋಹನದ ಸ್ವರಗಳೇ! ಪಕ್ಕದ ತಂತಿಗೆ ಅಪ್ಪಿತಪ್ಪಿ ಕೈ ತಗುಲಿದರೂ ಅನ್ಯಸ್ವರ ಬರುವುದಿಲ್ಲ. ಹೊಸಬರಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ರಿ ಮೂರನೇ ತಂತಿಯ ಎರಡನೇ ಫ್ರೆಟ್. ಗ ಎರಡನೇ ತಂತಿ ಖಾಲಿ, ಪ ಅದರ ಮೂರನೇ ಫ್ರೆಟ್. ದ ಮೊದಲ ತಂತಿ ಖಾಲಿ, ತಾರಷಡ್ಜ (ಮೇಲಿನ ಸ) ಅದರ ಮೂರನೇ ಫ್ರೆಟ್. ‘ಗ ಗ ಪಾ ಪಾ’ ಅಂತ ಶುರುವಾಗುವುದರಿಂದ ಅಲ್ಲಿವರೆಗೆ ಒಂದೇ ತಂತಿ ಸಾಕು. ಮುಂದೆ ಮೇಲಿನ ರಿ ಬಂದಾಗ ಮಾತ್ರ ಮೊದಲ ತಂತಿಯ ಐದನೇ ಫ್ರೆಟ್‌ಗೆ ಕಿರುಬೆರಳು ಚಾಚಬೇಕು.

ಇಲ್ಲಿ ಹೊಸದು ಬಲಗೈ ಕೆಲಸ. ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ. ಮೊದಲ ಗ ಕೆಳಗೆ, ಎರಡನೇ ಗ ಮೇಲೆ. ಪಾ ದೀರ್ಘ, ಹಾಗಾಗಿ ಕೆಳಗೆ ಮೀಟಿ, ವಾಪಸ್ ಬರುವಾಗ ತಂತಿ ಮುಟ್ಟದೆ ಬನ್ನಿ. ರೂಪಕ ತಾಳ ಕಾಲಲ್ಲಿ ನಡೆಯಲಿ. ಮೊಬೈಲಿನಲ್ಲಿ ತಂಬೂರಿ ಹಾಕಿಕೊಳ್ಳುವುದಾದರೆ ಶ್ರುತಿ ಜಿ ಇಡಿ.

ಇದು ಸಲೀಸಾದ ಮೇಲೆ ಪುರಂದರದಾಸರ ‘ಶ್ರೀ ಗಣನಾಥ’, ಮಲಹರಿ ರಾಗ. ಮೊದಲ ‘ಮ ಪ ದ’ ಮೂರೂ ಎರಡನೇ ತಂತಿಯಲ್ಲೇ ಇವೆ: ಒಂದು, ಮೂರು, ನಾಲ್ಕನೇ ಫ್ರೆಟ್ (ಮಲಹರಿಯ ದ ಮೋಹನದ ದಕ್ಕಿಂತ ಒಂದು ಫ್ರೆಟ್ ಕೆಳಗಿನದು). ತೋರುಬೆರಳು, ಉಂಗುರಬೆರಳು, ಕಿರುಬೆರಳು. ಕಿರುಬೆರಳು ಮೊದಮೊದಲು ಮುಷ್ಕರ ಹೂಡುತ್ತದೆ. ಸುಮ್ನೆ ನುಡಿಸುತ್ತಾ ಹೋಗಿ. ಗಮಕ (ಸ್ವರವನ್ನು ಅಲುಗಿಸಿ ನುಡಿಸುವುದು) ಸದ್ಯಕ್ಕೆ ಬೇಡ. ಮಗ ಹಬ್ಬಕ್ಕೆ ಬಂದು ಗಿಟಾರ್ ಕೇಳಿದರೆ ಕೊಡಬೇಡಿ.

ಪ್ರಶ್ನೆ: ಕಾಲೇಜು ಬ್ಯಾಂಡಿನಲ್ಲಿ ಲೀಡ್ ನುಡಿಸುತ್ತೇನೆ. ಸ್ಪೀಡ್ ಚೆನ್ನಾಗಿದೆ. ಬೆಂಡ್ (ತಂತಿಯನ್ನು ಬದಿಗೆ ಎಳೆದು ಸ್ವರ ಏರಿಸುವುದು) ಮಾಡಿದರೆ ಮಾತ್ರ ಫ್ರೆಂಡ್ಸ್ ನಗುತ್ತಾರೆ. ನನ್ನದು ಅಕೌಸ್ಟಿಕ್ ಗಿಟಾರ್. ಒಂದು ಹಾಡು ಹೇಳಿ.
– ಎಂಜಿನಿಯರಿಂಗ್ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಅರ್ಧ ತಪ್ಪು ನಿನ್ನ ತಂತಿಯದ್ದು. ಅಕೌಸ್ಟಿಕ್‌ನ 12ರ ಸೆಟ್‌ನಲ್ಲಿ (ಸಂಖ್ಯೆ ಮೊದಲ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ಸಾಮಾನ್ಯವಾಗಿ ಮೂರನೇ ತಂತಿಗೂ ಲೋಹದ ಎಳೆಯ ಸುತ್ತು ಇರುತ್ತದೆ, ಎಳೆದರೆ ಜಗ್ಗುವುದಿಲ್ಲ. 9 ಅಥವಾ 10ರ ಸೆಟ್ ಹಾಕಿದ ಎಲೆಕ್ಟ್ರಿಕ್ ಯಾರದ್ದಾದರೂ ಕೇಳಿ ತಗೋ. ಉಳಿದರ್ಧ ನಿನ್ನ ಕಿವಿಯದ್ದು. ಎರಡನೇ ತಂತಿಯ ಐದನೇ ಫ್ರೆಟ್ ಮೀಟಿ ಕೇಳು. ಆಮೇಲೆ ಮೂರನೇ ತಂತಿಯ ಏಳನೇ ಫ್ರೆಟ್ ಒತ್ತಿ, ಅದೇ ಸ್ವರ ಬರುವವರೆಗೆ ಎಳಿ. ಉಂಗುರಬೆರಳಿನ ಹಿಂದೆ ಇನ್ನೆರಡು ಬೆರಳು ಸೇರಿಸು, ಒಂದರ ಕೈಲಿ ಆಗದು. ಕೈ ತೊಳೆದುಕೊಂಡು ಕೂರು. ನನ್ನ ಕ್ಲಾಸಿಗೆ ಬೆಣ್ಣೆ ದೋಸೆ ತಿಂದು ಹಾಗೇ ಬರುವವರಿದ್ದಾರೆ. ಜಿಡ್ಡು ಕೈಲಿ ಬೆಂಡ್ ಅರ್ಧಕ್ಕೇ ಜಾರುತ್ತದೆ.

ಹಾಡು: ಪಿಂಕ್ ಫ್ಲಾಯ್ಡ್ ತಂಡದ 1979ರ ‘ಕಂಫರ್ಟಬ್ಲಿ ನಂಬ್’. ಅದರಲ್ಲಿ ಎರಡು ಸೋಲೋ (ಗಿಟಾರೇ ಮುಂದೆ ನಿಂತು ನುಡಿಯುವ ಭಾಗ) ಇವೆ, ಮೊದಲನೆಯದು ಮಾತ್ರ ಕಲಿ. ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅಲ್ಲಿ ಅವಸರವಿಲ್ಲದೆ ಸ್ವರವನ್ನು ಎಳೆದು ನಿಲ್ಲಿಸುತ್ತಾರೆ. ನಿನ್ನ ಸ್ಪೀಡ್ ಅಲ್ಲಿ ನಡೆಯುವುದಿಲ್ಲ, ಅದಕ್ಕೇ ಹೇಳಿದ್ದು.

ಪ್ರಶ್ನೆ: ಮೂರನೇ ಕ್ಲಾಸಿನ ಮಗಳಿಗೆ ಗಿಟಾರ್ ಕೊಡಿಸಿದೆ. ತಂತಿ ಒತ್ತಿದರೆ ಬೆರಳು ನೋವು ಅಂತ ಅಳುತ್ತಾಳೆ.
– ಶಿಕ್ಷಕರು, ಜಗಳೂರು

ಉತ್ತರ: ಒತ್ತುವುದೇ ಬೇಡ. ಮೆಟಾಲಿಕಾ ಎಂಬ ಹೆವಿ ಮೆಟಲ್ ತಂಡದ ‘ನಥಿಂಗ್ ಎಲ್ಸ್ ಮ್ಯಾಟರ್ಸ್’ (1991) ಶುರುವಾಗುವುದೇ ಖಾಲಿ ತಂತಿಗಳಲ್ಲಿ. ಹೆಬ್ಬೆರಳಿನಿಂದ ಆರನೇ ತಂತಿ, ಮಿಕ್ಕ ಬೆರಳುಗಳಿಂದ ಮೂರು, ಎರಡು, ಒಂದು, ಮತ್ತೆ ಎರಡು, ಮೂರು. ಎಡಗೈಗೆ ಪೂರ್ತಿ ರಜೆ. ಬೆರಳಲ್ಲಿ ಮೀಟುವುದು ಇದರಲ್ಲೇ ಬರುತ್ತದೆ. ಆಗುವುದಾದರೆ ಗಿಟಾರನ್ನು ನೈಲಾನ್ ತಂತಿಯ ಚಿಕ್ಕ ಸೈಜಿಗೆ ಬದಲಾಯಿಸಿಕೊಳ್ಳಿ. ಹಾಗಂತ ಮುಂದೆ ಅದಕ್ಕೇ ಸ್ಟೀಲ್ ತಂತಿ ಹಾಕಿಸಲು ಹೋಗಬೇಡಿ, ಎಳೆತ ಜಾಸ್ತಿಯಾಗಿ ಬ್ರಿಡ್ಜ್ (ತಂತಿ ಕಟ್ಟುವ ಪಟ್ಟಿ) ಕಿತ್ತುಬರಬಹುದು.